ಬಾರದ ಐದನೆಯ ಸಿಮ್ಸ್

‘ದಿ ಸಿಮ್ಸ್’ ಎಂಬ ಕಂಪ್ಯೂಟರ್ ಆಟದ ಮೊದಲ ಆವೃತ್ತಿ 2000ದ ಫೆಬ್ರುವರಿಯಲ್ಲಿ ಬಂತು. ಎರಡನೆಯದು 2004ರ ಸೆಪ್ಟೆಂಬರ್‌ನಲ್ಲಿ, ಮೂರನೆಯದು 2009ರ ಜೂನ್‌ನಲ್ಲಿ, ನಾಲ್ಕನೆಯದು 2014ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದವು. ಹೆಚ್ಚುಕಡಿಮೆ ಐದು ವರ್ಷಕ್ಕೊಂದು ಆಟ ಎಂಬ ಈ ಲೆಕ್ಕವನ್ನು ಹಿಡಿದು ಕುಳಿತ ಅಭಿಮಾನಿಗಳು ಐದನೆಯ ಸಿಮ್ಸ್ 2019ರ ಆಸುಪಾಸಿನಲ್ಲಿ ಬಂದೇ ಬರುತ್ತದೆ ಎಂದು ನಂಬಿದ್ದರು. ಆ ವರ್ಷ ಬಂದು ಹೋಯಿತು, ಆಟ ಮಾತ್ರ ಬರಲಿಲ್ಲ. ನಾಲ್ಕನೆಯ ಸಿಮ್ಸ್ ಇಂದಿಗೂ ಹೊಸ ಹೊಸ ಪ್ಯಾಕ್‌ಗಳನ್ನು, ಎಂದರೆ ಮೂಲ ಆಟಕ್ಕೆ ಹಣ ಕೊಟ್ಟು ಸೇರಿಸಿಕೊಳ್ಳುವ ಹೆಚ್ಚುವರಿ ಭಾಗಗಳನ್ನು, ಹೊರತರುತ್ತಲೇ ಇದೆ, ಎರಡನೆಯ ಮತ್ತು ಮೂರನೆಯ ಆಟಗಳು ಸೇರಿ ಚಾಲ್ತಿಯಲ್ಲಿದ್ದ ಅವಧಿಯನ್ನು ಅದೊಂದೇ ಮೀರಿಸಿದೆ. ಇಷ್ಟಾದರೂ ಮುಂದಿನ ಆಟ ಹೇಗಿರಬಹುದು ಎಂಬ ಊಹೆಗಳು ನಿಂತಿಲ್ಲ. ಹಾಗೆ ನೋಡಿದರೆ, ಆಟ ತಡವಾದಷ್ಟೂ ಊಹೆಗಳು ಇನ್ನಷ್ಟು ವಿವರವಾಗಿ, ಇನ್ನಷ್ಟು ಹಟದಿಂದ ಬೆಳೆದಿವೆ.

ಈ ಆಟವನ್ನು ಆಡದವರಿಗೆ ಒಂದು ಮಾತು. ಇದರಲ್ಲಿ ಗೆಲ್ಲುವುದು ಸೋಲುವುದು ಎಂಬುದಿಲ್ಲ. ತಲೆಯ ಮೇಲೆ ಹಸಿರು ಹರಳು ತಿರುಗುತ್ತಿರುವ, ‘ಸಿಮ್’ ಎಂಬ ಪುಟ್ಟ ಮನುಷ್ಯರನ್ನು ನೀವು ರೂಪಿಸುತ್ತೀರಿ, ಅವರಿಗೊಂದು ಮನೆ ಕಟ್ಟುತ್ತೀರಿ, ಹಸಿವು, ನಿದ್ರೆ, ಸ್ನಾನ, ಶೌಚ, ಒಡನಾಟ ಇವುಗಳಲ್ಲಿ ಯಾವುದೂ ಕೆಂಪು ಗೆರೆಗೆ ಇಳಿಯದಂತೆ ಸಂಸಾರ ತೂಗಿಸುತ್ತೀರಿ. ಇದರ ಮೂಲದಲ್ಲಿ ಒಂದು ಬೆಂಕಿಯಿದೆ. ಆಟದ ಸೃಷ್ಟಿಕರ್ತ ವಿಲ್ ರೈಟ್ ಅವರ ಮನೆ 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಗುಡ್ಡಗಳ ಬೆಂಕಿಗೆ ಆಹುತಿಯಾಯಿತು. ಎಲ್ಲವನ್ನೂ ಕಳೆದುಕೊಂಡು ಹೊಸ ಮನೆಗೆ ಪಾತ್ರೆಪಡಗ, ಕುರ್ಚಿ, ಮಂಚಗಳನ್ನು ಒಂದೊಂದಾಗಿ ಕೂಡಿಸಿಕೊಳ್ಳುವಾಗ ಮನುಷ್ಯನಿಗೆ ನಿಜವಾಗಿ ಏನೇನು ಬೇಕು ಎಂದು ಅವರು ಯೋಚಿಸಿದ್ದರಿಂದ ಈ ಆಟ ಹುಟ್ಟಿತು. ಮನೆ ಕಟ್ಟುವ ಆಟವಾಗಿ ಶುರುವಾದದ್ದು ಕ್ರಮೇಣ ಮನೆಯೊಳಗಿನವರ ಆಟವಾಯಿತು.

ಕಳೆದುಕೊಂಡದ್ದನ್ನು ಮತ್ತೆ ಕೂಡಿಸಿಕೊಳ್ಳುವುದು ಈ ಆಟದ ಹುಟ್ಟುಗುಣವಾದ್ದರಿಂದಲೋ ಏನೋ, ಅದರ ಅಭಿಮಾನಿಗಳ ಊಹೆಗಳೂ ಅದೇ ಜಾಡಿನಲ್ಲಿ ಸಾಗುತ್ತವೆ. ಮುಂದಿನ ಆಟದ ಬಗ್ಗೆ ಅವರು ಆಡುವ ಮಾತಿನಲ್ಲಿ ಮುಂದಿನದ್ದು ಬಹಳ ಕಡಿಮೆ. ‘ಐದರಲ್ಲಿ ಇದು ಇರಬಹುದು’ ಎಂದು ಯಾರಾದರೂ ಬರೆದರೆ, ಅದು ಹೆಚ್ಚಿನ ಸಲ ಹಿಂದಿನ ಯಾವುದೋ ಆಟದಲ್ಲಿ ಇದ್ದು ನಾಲ್ಕನೆಯದರಲ್ಲಿ ಕೈಬಿಟ್ಟುಹೋದ ವಸ್ತುವೇ ಆಗಿರುತ್ತದೆ.

ಊಹೆ ಮಾಡುವ ಚಾಳಿಯನ್ನು ಇವರಿಗೆ ಅಂಟಿಸಿದ್ದು ಕೂಡ ಆಟವೇ. ಮೊದಲ ಆಟದಲ್ಲಿ ಗಾತ್ ಕುಟುಂಬದ ಯಜಮಾನಿಯಾಗಿದ್ದ ಬೆಲ್ಲಾ ಗಾತ್ ಎರಡನೆಯ ಆಟ ತೆರೆಯುವಷ್ಟರಲ್ಲಿ ಕಾಣೆಯಾಗಿರುತ್ತಾಳೆ. ಅನ್ಯಗ್ರಹದವರು ಎತ್ತಿಕೊಂಡು ಹೋದರೆಂಬ ಸುಳಿವು ಒಂದು ಊರಿನಲ್ಲಿ ಸಿಗುತ್ತದೆ. ದೂರದ ಮರುಭೂಮಿಯ ಇನ್ನೊಂದು ಊರಿನಲ್ಲಿ ಅವಳದೇ ಮುಖದ, ಅವಳದೇ ಹೆಸರಿನ ಹೆಂಗಸೊಬ್ಬಳು ಓಡಾಡುತ್ತಿರುತ್ತಾಳೆ. ಇಡೀ ಕಥೆಯನ್ನು ಆಟ ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ. ಪಾತ್ರದ ನೆನಪುಗಳ ಪಟ್ಟಿ, ಗೋಡೆಯ ಮೇಲಿನ ಚಿತ್ರ, ವಂಶವೃಕ್ಷ ಇವನ್ನು ಜೋಡಿಸಿ ನೀವೇ ಅರ್ಥ ಮಾಡಿಕೊಳ್ಳಬೇಕು. ಹೀಗೆ ಬೆಲ್ಲಾಳ ಹುಡುಕಾಟದಲ್ಲಿ ಪಳಗಿದವರು ಮುಂದೆ ಆಟ ತಯಾರಿಸುವ ಸಂಸ್ಥೆಯ ಉದ್ಯೋಗ ಜಾಹೀರಾತುಗಳನ್ನೂ ಅದೇ ಕಣ್ಣಿನಿಂದ ಓದತೊಡಗಿದ್ದು ಸಹಜವೇ.

ಆ ಓದಿಗೆ ಆಹಾರವೂ ಸಾಕಷ್ಟು ದೊರೆಯಿತು. 2020ರ ಆರಂಭದಲ್ಲಿ, ಈ ಸರಣಿಯ ಒಡೆತನವಿರುವ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯ ಮುಖ್ಯಸ್ಥ ಆಂಡ್ರೂ ವಿಲ್ಸನ್ ಅವರು ಹೂಡಿಕೆದಾರರೊಂದಿಗೆ ಮಾತನಾಡುತ್ತಾ, ಹಳೆಯ ‘ಸಿಮ್ಸ್ ಆನ್‌ಲೈನ್’ನಲ್ಲಿದ್ದಂಥ ಸಾಮಾಜಿಕ ಒಡನಾಟ ಮತ್ತು ಸ್ಪರ್ಧೆ ಮುಂಬರುವ ವರ್ಷಗಳಲ್ಲಿ ಸರಣಿಯ ಭಾಗವಾಗಲಿವೆ ಎಂಬ ಅರ್ಥದ ಮಾತು ಹೇಳಿದರು. ಹೂಡಿಕೆದಾರರಿಗೆ ಅದು ಹೇಗೆ ಕೇಳಿಸಿತೋ, ಆಟಗಾರರಿಗಂತೂ ಬೆದರಿಕೆಯಾಗಿಯೇ ಕೇಳಿಸಿತು. 2002ರ ಡಿಸೆಂಬರ್‌ನಲ್ಲಿ ಬಂದ ಆ ಆನ್‌ಲೈನ್ ಆಟದಲ್ಲಿ ನಿರೀಕ್ಷಿಸಿದಷ್ಟು ಜನ ಸೇರಲಿಲ್ಲ, 2008ರಲ್ಲಿ ಅದನ್ನು ಮುಚ್ಚಲಾಯಿತು. ಮುಚ್ಚಿದಾಗ ಜನರು ವರ್ಷಗಟ್ಟಲೆ ಕಟ್ಟಿದ ಮನೆಗಳೂ ಹೋದವು. ಸರ್ವರ್ ನಿಂತಿತೆಂದರೆ ಮನೆಯೂ ಇಲ್ಲ.

ಬಳಿಕ 2022ರ ಅಕ್ಟೋಬರ್‌ನಲ್ಲಿ ‘ಪ್ರಾಜೆಕ್ಟ್ ರೆನೆ’ ಎಂಬ ತಾತ್ಕಾಲಿಕ ಹೆಸರಿನ ಯೋಜನೆಯನ್ನು ಸಿಮ್ಸ್ ತಯಾರಿಸುವ ಮ್ಯಾಕ್ಸಿಸ್ ಸ್ಟುಡಿಯೋ ಪ್ರಕಟಿಸಿತು. ತೋರಿಸಿದ್ದು ಅತ್ಯಲ್ಪ. ಒಂದು ಕೋಣೆ, ಅದರಲ್ಲಿನ ಪೀಠೋಪಕರಣದ ಬಣ್ಣ, ಬಟ್ಟೆಯ ವಿನ್ಯಾಸ, ದಿಂಬುಗಳನ್ನು ಬೇಕಾದಂತೆ ಬದಲಿಸುವ ಸೌಲಭ್ಯ, ಅದೇ ಕೋಣೆಯನ್ನು ಕಂಪ್ಯೂಟರ್‌ನಲ್ಲಿಯೂ ಫೋನ್‌ನಲ್ಲಿಯೂ ತೆರೆಯಬಹುದೆಂಬ ಸೂಚನೆ. ಇಷ್ಟರಲ್ಲಿಯೇ ಅಭಿಮಾನಿಗಳು ಇಡೀ ಆಟವನ್ನು ಕಂಡರು. ಬಣ್ಣಗಳ ಚಕ್ರವನ್ನು ನೋಡಿದವರು, ಮೂರನೆಯ ಆಟದಲ್ಲಿ ಸೋಫಾದಿಂದ ಹಿಡಿದು ಅಂಗಿಯ ಗುಂಡಿಯವರೆಗೆ ಯಾವುದಕ್ಕೂ ಯಾವ ಬಣ್ಣವನ್ನೂ ಹಚ್ಚಬಹುದಾಗಿದ್ದ ಆ ಉಪಕರಣ ಮರಳಿತು ಎಂದು ಸಂಭ್ರಮಿಸಿದರು. ಫೋನ್ ಅನ್ನು ನೋಡಿದವರು, ಇದು ಮೊಬೈಲ್ ಆಟವಾಗಿ ಸೊರಗಲಿದೆ ಎಂದು ಕೊರಗಿದರು. 2023ರ ಬೇಸಿಗೆಯಲ್ಲಿ ಬಂದ ಒಂದು ಉದ್ಯೋಗ ಜಾಹೀರಾತಿನಲ್ಲಿ ಪ್ರವೇಶ ಉಚಿತವೆಂಬ ಸುಳಿವು ಸಿಕ್ಕಾಗ, ಹಾಗಾದರೆ ಒಳಗೆ ಹೋದಮೇಲೆ ಯಾವುದಕ್ಕೆಲ್ಲ ಹಣ ಕೀಳುತ್ತಾರೆ ಎಂಬ ಪ್ರಶ್ನೆ ಎದ್ದಿತು. ಚಂದಾ ಇರುವುದಿಲ್ಲ, ಮೂಲ ಆಟಕ್ಕೆ ಬೆಲೆ ಇರುವುದಿಲ್ಲ, ಕಾಯಿಸಿ ಕಾಯಿಸಿ ದುಡ್ಡು ಕೇಳುವ ಮೊಬೈಲ್ ಆಟಗಳ ತಂತ್ರವೂ ಇರುವುದಿಲ್ಲ ಎಂದು ತಂಡ ಉತ್ತರಿಸಿತು. 2024ರಲ್ಲಿ ಸೀಮಿತ ಪರೀಕ್ಷೆಗೆ ಬಿಟ್ಟಾಗ ಸೋರಿಕೆಯಾದ ಚಿತ್ರಗಳಲ್ಲಿ ಗೆಳೆಯರು ಸೇರಿ ನಗರದ ಬೀದಿಯಲ್ಲಿ ಸುತ್ತುವ ಒಂದು ಚಿಕ್ಕ ಮೊಬೈಲ್ ಆಟ ಕಂಡಿತು, ಕೊರಗಿದವರ ಮಾತೇ ಮೇಲಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಂಸ್ಥೆಯವರು ತಾವು ಹಳೆಯ ಆಟದ ಜಾಗಕ್ಕೆ ಹೊಸ ಆಟ ತರುವ ಕ್ರಮವನ್ನು ಬಿಡುತ್ತಿರುವುದಾಗಿ, ಇನ್ನು ಮೇಲೆ ಒಂದರ ಪಕ್ಕದಲ್ಲಿ ಇನ್ನೊಂದನ್ನು ಸೇರಿಸುತ್ತಾ ಹೋಗುವುದಾಗಿ ತಿಳಿಸಿದರು. ನಾಲ್ಕನೆಯ ಆಟದ ತಾಂತ್ರಿಕ ಬುನಾದಿಯನ್ನು ಬಲಪಡಿಸಲು ಪ್ರತ್ಯೇಕ ತಂಡ ರಚಿಸಿರುವುದಾಗಿಯೂ ಹೇಳಿದರು. ರೆನೆ ಎಂದರೆ ಐದು ಎಂದು ಎರಡು ವರ್ಷ ನಂಬಿದ್ದವರಿಗೆ, ಐದು ಎಂಬ ಅಂಕಿಯೇ ಯೋಜನೆಯಲ್ಲಿ ಇಲ್ಲ ಎಂಬುದು ಅಂದು ಸ್ಪಷ್ಟವಾಯಿತು.

ಆದರೂ ಪಟ್ಟಿಗಳು ಬರುತ್ತಲೇ ಇವೆ. ಆ ಪಟ್ಟಿಗಳಲ್ಲಿ ಅತಿ ಹೆಚ್ಚು ಸಲ ಕಾಣುವುದು ಎರಡನೆಯ ಆಟದ ನೆನಪು. ಅದರಲ್ಲಿ ಒಂದು ಪ್ರಸಂಗವಿದೆ. ಮಗುವನ್ನು ಖಾಸಗಿ ಶಾಲೆಗೆ ಸೇರಿಸಬೇಕಾದರೆ ಆ ಶಾಲೆಯ ಮುಖ್ಯೋಪಾಧ್ಯಾಯರನ್ನು ಮನೆಗೆ ಊಟಕ್ಕೆ ಕರೆಯಬೇಕು. ಅವರು ಸಂಜೆ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಮನೆಯ ಒಂದೊಂದೇ ಕೋಣೆಯನ್ನು ತೋರಿಸಬೇಕು, ಒಳ್ಳೆಯ ಕೋಣೆಗೆ ಅಂಕ ಏರುತ್ತದೆ. ಅಡುಗೆ ಚೆನ್ನಾಗಿರಬೇಕು, ಮಾತು ಹಿತವಾಗಿರಬೇಕು. ಇಷ್ಟೆಲ್ಲದರ ನಡುವೆ ಮನೆಯ ಯಾರೋ ಒಬ್ಬರು ಒದ್ದೆ ನೆಲವನ್ನು ಒರೆಸದೆ ಬಿಟ್ಟಿರುತ್ತಾರೆ, ಇನ್ನೊಬ್ಬರು ನಿದ್ದೆ ತಾಳಲಾರದೆ ತಟ್ಟೆಯ ಮೇಲೆಯೇ ತೂಕಡಿಸಿ ಬೀಳುತ್ತಾರೆ. ಬೆಂಗಳೂರಿನ ಶಾಲೆಗಳಲ್ಲಿ ಮಗುವಿನ ಜೊತೆಗೆ ತಂದೆತಾಯಿಯನ್ನೂ ಕೂರಿಸಿ ಸಂದರ್ಶಿಸುವ ಕಾಲವನ್ನು ಕಂಡ ನನಗೆ ಆ ಸಂಜೆಯ ಆತಂಕ ಬಹಳ ಪರಿಚಿತವೆನಿಸಿತ್ತು. ಅದೇ ಆಟದಲ್ಲಿ ಮಗು ನಡೆಯಲು ಕಲಿತದ್ದು, ಕಲಿಸಿದವರು ಯಾರೆಂಬುದು, ಮೊದಲ ಮುತ್ತು, ಸತ್ತುಹೋದ ಬೆಕ್ಕು ಎಲ್ಲವೂ ಪಾತ್ರದ ನೆನಪಿನ ಪಟ್ಟಿಗೆ ಸೇರುತ್ತಿದ್ದವು. ಜನ್ಮದಲ್ಲಿ ಅಪ್ಪನ ಮೂಗೂ ಅಮ್ಮನ ಕಣ್ಣೂ ಬರುತ್ತಿದ್ದವು, ಮುಪ್ಪು ಬರುತ್ತಿತ್ತು. ಮೊದಲ ಆಟದ ಮಕ್ಕಳು ಎಂದಿಗೂ ದೊಡ್ಡವರಾಗುತ್ತಿರಲಿಲ್ಲ ಎಂಬುದನ್ನು ನೆನೆದರೆ, ನಾಲ್ಕೇ ವರ್ಷಗಳಲ್ಲಿ ಅದು ಎಷ್ಟು ದೊಡ್ಡ ಜಿಗಿತವಾಗಿತ್ತೆಂಬುದು ತಿಳಿಯುತ್ತದೆ.

ಮೂರನೆಯ ಆಟದ ಅಭಿಮಾನಿಗಳಿಗೆ ಬೇಕಿರುವುದು ತೆರೆದ ಊರು. ಅದರಲ್ಲಿ ನಿಮ್ಮ ಪಾತ್ರ ಮನೆಯ ಬಾಗಿಲು ದಾಟಿ, ರಸ್ತೆಗಿಳಿದು, ನೆರೆಯವರ ಅಂಗಳ ಹಾದು, ಉದ್ಯಾನದವರೆಗೆ ಒಂದು ಕ್ಷಣವೂ ತಡೆಯಿಲ್ಲದೆ ನಡೆದು ಹೋಗಬಹುದಿತ್ತು. ನೀವು ನೋಡದಿದ್ದಾಗಲೂ ಊರಿನವರು ಮದುವೆಯಾಗುತ್ತಿದ್ದರು, ಕೆಲಸ ಕಳೆದುಕೊಳ್ಳುತ್ತಿದ್ದರು, ಸಾಯುತ್ತಿದ್ದರು. ನಾಲ್ಕನೆಯ ಆಟದಲ್ಲಿ ಪಕ್ಕದ ಮನೆಗೆ ಹೋಗಬೇಕಾದರೂ ಲೋಡಿಂಗ್ ಪರದೆಯ ಮುಂದೆ ಕಾಯಬೇಕು. ಕಾರುಗಳಿಲ್ಲ. ಬಿಡುಗಡೆಯಾದ ದಿನ ಈಜುಕೊಳಗಳೂ ಇರಲಿಲ್ಲ, ಅಂಬೆಗಾಲಿನ ವಯಸ್ಸೇ ಇರಲಿಲ್ಲ. ತೊಟ್ಟಿಲ ಮಗು ನೇರವಾಗಿ ಶಾಲೆಯ ಮಗುವಾಗಿ ಎದ್ದು ನಿಲ್ಲುತ್ತಿತ್ತು. ಕೊಳಗಳು ಅದೇ ವರ್ಷದ ನವೆಂಬರ್‌ನಲ್ಲಿ ಬಂದವು, ಅಂಬೆಗಾಲಿನ ಮಕ್ಕಳಿಗೆ 2017ರ ಜನವರಿಯವರೆಗೆ ಕಾಯಬೇಕಾಯಿತು. ಈ ಕೊರತೆಗಳಿಗೆ ಆಟಗಾರರು ಕೊಡುವ ಕಾರಣ ಕೂಡ ಒಂದು ಹಳೆಯ ಗಾಯಕ್ಕೆ ಸಂಬಂಧಿಸಿದೆ. ನಾಲ್ಕನೆಯದು ಮೊದಲಿಗೆ ‘ಓಲಿಂಪಸ್’ ಎಂಬ ಒಳಹೆಸರಿನ ಆನ್‌ಲೈನ್ ಆಟವಾಗಿ ತಯಾರಾಗುತ್ತಿತ್ತು. 2013ರಲ್ಲಿ ಸದಾ ಅಂತರ್ಜಾಲ ಸಂಪರ್ಕ ಬೇಡುವ, ಇದೇ ಸಂಸ್ಥೆಯ ನಗರ ಕಟ್ಟುವ ಆಟ ‘ಸಿಮ್‌ಸಿಟಿ’ ಬಿಡುಗಡೆಯಾಗಿ, ಸರ್ವರ್‌ಗಳು ಕುಸಿದು, ಹಣ ಕೊಟ್ಟವರೇ ಆಡಲಾಗದೆ ಕುಳಿತರು. ಆನಂತರ ಅವಸರದಲ್ಲಿ ದಿಕ್ಕು ಬದಲಿಸಿದ ಆಟಕ್ಕೆ ಅಂಗಾಂಗಗಳು ಸಾಲದೇ ಹೋದವು ಎಂಬುದು ಅವರ ತರ್ಕ. ಹೀಗಾಗಿ ಸಂಸ್ಥೆಯು ‘ಒಟ್ಟಿಗೆ ಆಡೋಣ’ ಎಂದಾಗಲೆಲ್ಲ ಇವರ ಕಿವಿಗೆ ಈಜುಕೊಳ ಮತ್ತೆ ಹೋಯಿತು ಎಂದೇ ಕೇಳಿಸುತ್ತದೆ.

ಈ ಬೇಡಿಕೆಗಳೆಲ್ಲ ಒಂದೇ ಆಟದಲ್ಲಿ ಹಿಡಿಯುವುದಿಲ್ಲ ಎಂಬುದನ್ನು ಮಾತ್ರ ಪಟ್ಟಿ ಮಾಡುವವರು ಒಪ್ಪುವುದಿಲ್ಲ. ತೆರೆದ ಊರನ್ನು ಕೊಟ್ಟ ಮೂರನೆಯ ಆಟವೇ ತಾಸುಗಟ್ಟಲೆ ಆಡಿದ ಮೇಲೆ ಉಬ್ಬಸಪಡುತ್ತಿತ್ತು. ಯಾವುದೋ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡ ಪಾತ್ರದಿಂದಾಗಿ ಇಡೀ ಊರು ನಿಧಾನವಾಗುತ್ತಿತ್ತು, ಉಳಿಸಲು ಹೋದರೆ ಆಟವೇ ಸ್ಥಗಿತಗೊಳ್ಳುತ್ತಿತ್ತು. ಎರಡನೆಯ ಆಟದ ಸೂಕ್ಷ್ಮ ಚಲನೆಗಳು ಸಾಧ್ಯವಾದದ್ದು ಒಂದು ಸಲಕ್ಕೆ ಒಂದೇ ಮನೆಯನ್ನು ಅದು ನಡೆಸುತ್ತಿದ್ದುದರಿಂದ. ನೂರು ಜನ ಒಮ್ಮೆಗೇ ಬದುಕುವ ಊರು ಬೇಕೋ, ನಾಲ್ಕು ಜನರ ಬದುಕು ಕೂದಲೆಳೆಯಷ್ಟು ಸೂಕ್ಷ್ಮವಾಗಿರುವ ಮನೆ ಬೇಕೋ ಎಂದು ಕೇಳಿದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಬೀದಿಯಲ್ಲಿ ಎಷ್ಟು ದೂರ ನಡೆಯಬಹುದು ಎಂಬುದಕ್ಕಿಂತ, ಹಿಂದಿನ ದಿನ ಬೈಸಿಕೊಂಡ ಮಗ ಮರುದಿನ ಬೆಳಗ್ಗೆ ಅಪ್ಪನ ಜೊತೆ ತಿಂಡಿಗೆ ಕೂರುವಾಗ ಏನಾದರೂ ವ್ಯತ್ಯಾಸ ಕಾಣುತ್ತದೆಯೇ ಎಂಬುದು ನನಗೆ ಮುಖ್ಯ. ನಾಲ್ಕನೆಯ ಆಟದಲ್ಲಿ ಬೈಗುಳದ ಪರಿಣಾಮ ಕೆಲವೇ ತಾಸುಗಳ ಮನಸ್ಥಿತಿಯಾಗಿ ಬಂದು, ಒಂದು ಒಳ್ಳೆಯ ಸ್ನಾನದಲ್ಲಿ ತೊಳೆದುಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. 2020ರ ಕೊನೆಯಲ್ಲಿ ಒಂದು ಪ್ಯಾಕ್‌ನೊಂದಿಗೆ ಬಂದ ದೀರ್ಘಕಾಲದ ಭಾವಗಳು ಸ್ವಲ್ಪ ಸುಧಾರಣೆ ತಂದವು, ಸ್ವಲ್ಪ ಮಾತ್ರ.

ಐದನೆಯದು ಏಕೆ ಬರುತ್ತಿಲ್ಲ ಎಂಬುದಕ್ಕೆ ಸೋಮಾರಿತನ, ದುರಾಸೆ ಎಂಬ ಉತ್ತರಗಳು ಸುಲಭವಾಗಿ ಸಿಗುತ್ತವೆ. ದುರಾಸೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಲೆಕ್ಕ ಬೇರೆಯೂ ಇದೆ. 2022ರ ಅಕ್ಟೋಬರ್‌ನಿಂದ ನಾಲ್ಕನೆಯ ಮೂಲ ಆಟ ಉಚಿತ. ಅದರ ಎಲ್ಲ ಪ್ಯಾಕ್‌ಗಳನ್ನು ಪೂರ್ಣ ಬೆಲೆಗೆ ಕೊಂಡರೆ 1000 ಡಾಲರ್‌ಗಿಂತ ಹೆಚ್ಚಾಗುತ್ತದೆ. ಇಷ್ಟು ಸುರಿದವರು ನಾಳೆ ಹೊಸ ಆಟಕ್ಕೆ ಹೋದರೆ ಋತುಗಳಿಲ್ಲದ, ನಾಯಿಬೆಕ್ಕುಗಳಿಲ್ಲದ, ಕಾಲೇಜಿಲ್ಲದ ಖಾಲಿ ಊರಿನಿಂದ ಮತ್ತೆ ಆರಂಭಿಸಬೇಕು. ಪ್ರತಿ ಹೊಸ ಸಿಮ್ಸ್ ಬಂದಾಗಲೂ ಹಿಂದಿನದರ ಮಳೆಯನ್ನು ಮತ್ತೊಮ್ಮೆ ದುಡ್ಡು ಕೊಟ್ಟು ಕೊಂಡ ಅನುಭವ ಇವರಿಗಿದೆ. ಹೊಸ ಆಟ ಬೇಕೆಂದು ಎಲ್ಲರಿಗಿಂತ ಗಟ್ಟಿಯಾಗಿ ಕೇಳುವವರೇ ಹಳೆಯ ಪ್ಯಾಕ್‌ಗಳನ್ನು ಬಿಟ್ಟು ಬರಲು ಎಲ್ಲರಿಗಿಂತ ಹಿಂದೇಟು ಹಾಕುವವರು ಎಂಬುದನ್ನು ಮಾರಾಟದ ಅಂಕಿಗಳನ್ನು ನೋಡುವವರು ಬಲ್ಲರು.

ಒಟ್ಟಿಗೆ ಆಡುವ ಮಾತು ಇಷ್ಟೊಂದು ಸಿಟ್ಟೇಕೆ ಬರಿಸುತ್ತದೆ ಎಂಬುದು ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಇದು ಒಬ್ಬರೇ ಆಡುವ ಆಟ. ನಮ್ಮ ಮನೆಯಲ್ಲಿ ಒಂದೇ ಕಂಪ್ಯೂಟರ್ ಇದ್ದ ಕಾಲದಲ್ಲಿ ನಾನೂ ನನ್ನ ತಂಗಿಯೂ ಸರದಿಯ ಮೇಲೆ ಆಡುತ್ತಿದ್ದೆವು. ಅವಳ ಸಂಸಾರದ ಕಡತವನ್ನು ನಾನು ತೆರೆಯಬಾರದೆಂಬುದು ಅಲಿಖಿತ ಕರಾರು. ಒಮ್ಮೆ ನಾನು ಹಿಂದಿನಿಂದ ಇಣುಕಿದಾಗ ಅವಳು ಆಟವನ್ನು ನಿಲ್ಲಿಸಿ, ನಾನು ಹೋಗುವವರೆಗೂ ಸುಮ್ಮನೆ ಗೋಡೆಯ ಬಣ್ಣ ಬದಲಿಸುತ್ತಾ ಕುಳಿತಳು. ಅಲ್ಲಿ ಅವಳು ನಮ್ಮ ದೊಡ್ಡಮ್ಮನವರನ್ನು ಮನೆಯಿಂದ ಹೊರಹಾಕಿದ್ದಳೋ, ಓದಿಗೆ ಚಕ್ಕರ್ ಹೊಡೆದು ಗಿಟಾರ್ ಕಲಿಯುತ್ತಿದ್ದಳೋ, ನನಗೆ ಇಂದಿಗೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ನಾಲ್ಕು ಗೋಡೆಯ ನಡುವೆ ಯಾರ ಅಪ್ಪಣೆಯೂ ಇಲ್ಲದೆ ಸಂಸಾರ ಕಟ್ಟುವ, ಕೆಡವುವ, ಒಳಗಿದ್ದವರು ಹೊರಬರಲಾರದಂತೆ ಈಜುಕೊಳದ ಏಣಿಯನ್ನು ತೆಗೆದುಬಿಡುವ ಸ್ವಾತಂತ್ರ್ಯವನ್ನು ಈ ಆಟ ಕೊಟ್ಟಿತು. ಗೆಳೆಯರು ಒಳಬಂದ ಕ್ಷಣ ಅದು ನಾಲ್ವರ ಮುಂದಿನ ನಡವಳಿಕೆಯಾಗುತ್ತದೆ. ರೆನೆಯಲ್ಲಿ ಒಬ್ಬರೇ ಆಡುವುದಕ್ಕೂ ಅವಕಾಶವಿದೆ ಎಂದು ತಯಾರಕರು ಎಷ್ಟು ಹೇಳಿದರೂ ಸಮಾಧಾನವಾಗದಿರುವುದು ಈ ಕಾರಣಕ್ಕೆ: ಕೂಡಿ ಆಡಲೆಂದು ಕಟ್ಟಿದ ಜಾಗದಲ್ಲಿ ಒಬ್ಬರೇ ಇರುವುದೂ, ಒಬ್ಬರಿಗಾಗಿಯೇ ಕಟ್ಟಿದ ಜಾಗದಲ್ಲಿ ಇರುವುದೂ ಒಂದೇ ಅಲ್ಲ.

ಇತ್ತ ಬೇರೆಯವರು ಈ ಖಾಲಿ ಜಾಗಕ್ಕೆ ಕೈ ಹಾಕಿದ್ದಾರೆ. ಹಿಂದೆ ಸಿಮ್ಸ್ ತಂಡವನ್ನು ಮುನ್ನಡೆಸಿದ್ದ ರಾಡ್ ಹಂಬಲ್ ಅವರ ನೇತೃತ್ವದಲ್ಲಿ ಪ್ಯಾರಡಾಕ್ಸ್ ಸಂಸ್ಥೆ ತಯಾರಿಸುತ್ತಿದ್ದ ‘ಲೈಫ್ ಬೈ ಯು’ ಪದೇ ಪದೇ ಮುಂದೂಡಿಕೆಯಾಗಿ 2024ರ ಜೂನ್‌ನಲ್ಲಿ ರದ್ದಾಯಿತು. ಬಿಜಿಎಂಐ ಆಟದಿಂದ ಇಲ್ಲಿನ ಹುಡುಗರಿಗೆ ಚೆನ್ನಾಗಿ ಗೊತ್ತಿರುವ, ಬೆಂಗಳೂರಿನಲ್ಲಿ ಕಚೇರಿಯನ್ನೂ ಹೊಂದಿರುವ ದಕ್ಷಿಣ ಕೊರಿಯಾದ ಕ್ರಾಫ್ಟನ್ 2025ರ ಮಾರ್ಚ್‌ನಲ್ಲಿ ‘ಇನ್‌ಝೋಯ್’ ಆಟದ ಆರಂಭಿಕ ಆವೃತ್ತಿಯನ್ನು ಬಿಟ್ಟಿತು. ಒಂದೇ ವಾರದಲ್ಲಿ ಅದರ 10 ಲಕ್ಷ ಪ್ರತಿಗಳು ಮಾರಾಟವಾದವು. ನನ್ನ ಲ್ಯಾಪ್‌ಟಾಪ್ ಅದನ್ನು ತಾಳಿಕೊಳ್ಳಲಾರದು, ಸಂಬಂಧಿಕರೊಬ್ಬರ ದೊಡ್ಡ ಯಂತ್ರದಲ್ಲಿ ಆಡಿ ನೋಡಿದೆ. ಚರ್ಮದ ರಂಧ್ರಗಳೂ ಕಾಣುವಷ್ಟು ಚೆಲುವು, ತೆರೆದ ನಗರ, ಕಾರು, ಬಣ್ಣದ ಚಕ್ರ, ಪಟ್ಟಿಯಲ್ಲಿ ಇದ್ದದ್ದೆಲ್ಲವೂ ಅಲ್ಲಿದೆ. ಆದರೂ ಆ ಸುಂದರರು ಜಗಳವಾಡಿದಾಗ ನನಗೆ ನಗುವೂ ಬರಲಿಲ್ಲ, ಅಯ್ಯೋ ಎಂದೂ ಅನಿಸಲಿಲ್ಲ. ಅರ್ಥವಿಲ್ಲದ ಭಾಷೆಯಲ್ಲಿ ಗೊಣಗುತ್ತಾ, ಉರಿಯುವ ಒಲೆಯ ಮುಂದೆ ನಂದಿಸುವುದನ್ನು ಬಿಟ್ಟು ಕುಣಿದಾಡುವ ಪೆದ್ದ ಸಿಮ್‌ಗಳ ಹಾಸ್ಯ ಅದರಲ್ಲಿಲ್ಲ. ಕೆನಡಾದ ಮಾಂಟ್ರಿಯಲ್‌ನ ಪುಟ್ಟ ತಂಡವೊಂದು 2019ರಲ್ಲಿ ಘೋಷಿಸಿದ ‘ಪ್ಯಾರಾಲೈವ್ಸ್’ ಮೇಲೆ ನನಗೆ ಹೆಚ್ಚು ಕುತೂಹಲವಿದೆ, ಏಕೆಂದರೆ ಹಣ ಪಡೆದು ಮಾರುವ ಪ್ಯಾಕ್‌ಗಳೇ ಇರುವುದಿಲ್ಲ ಎಂದು ಅದರವರು ಹೇಳಿದ್ದಾರೆ.

2025ರ ಸೆಪ್ಟೆಂಬರ್ ಕೊನೆಯಲ್ಲಿ ಊಹೆಗಳ ಸ್ವರವೇ ಬದಲಾಯಿತು. ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿ, ಸಿಲ್ವರ್ ಲೇಕ್ ಮತ್ತು ಅಫಿನಿಟಿ ಪಾರ್ಟ್‌ನರ್ಸ್ ಎಂಬ ಹೂಡಿಕೆ ಸಂಸ್ಥೆಗಳು ಸೇರಿ ಎಲೆಕ್ಟ್ರಾನಿಕ್ ಆರ್ಟ್ಸ್ ಅನ್ನು 5500 ಕೋಟಿ ಡಾಲರ್‌ಗೆ ಕೊಳ್ಳುವ ಒಪ್ಪಂದ ಪ್ರಕಟವಾಯಿತು. ಅದರಲ್ಲಿ 2000 ಕೋಟಿ ಡಾಲರ್ ಸಾಲದ ಹಣ. ಸಲಿಂಗ ಪ್ರೇಮವನ್ನು ಮೊದಲ ಆಟದಿಂದಲೇ ಸಹಜವಾಗಿ ಒಪ್ಪಿಕೊಂಡ ಸರಣಿಯಿದು, ಅದನ್ನು ಅಪರಾಧವೆಂದು ಕಾಣುವ ದೇಶದ ಹಣದಲ್ಲಿ ಮುಂದೆ ಏನಾಗುತ್ತದೆ ಎಂಬ ಆತಂಕ ಸಹಜವಾಗಿಯೇ ಹಬ್ಬಿತು. ಕೆಲವು ಪ್ರಸಿದ್ಧ ವಿಡಿಯೊ ತಯಾರಕರು ಸಂಸ್ಥೆಯ ಸಹಯೋಗದಿಂದ ಹೊರಬಂದರು. ಕಾರು, ತೆರೆದ ಊರುಗಳ ಪಟ್ಟಿ ಮಾಡುತ್ತಿದ್ದವರು, ಇರುವುದನ್ನಾದರೂ ಉಳಿಸುತ್ತಾರೆಯೇ ಎಂದು ಕೇಳುವಂತಾಯಿತು. ಇದಕ್ಕೆ ಊಹೆಯಿಂದ ಉತ್ತರ ಸಿಗುವುದಿಲ್ಲವಾದ್ದರಿಂದ ನಾನು ಹೆಚ್ಚು ಹೇಳಲಾರೆ. ಇಷ್ಟು ಸಾಲ ಹೊತ್ತ ಸಂಸ್ಥೆ ನಿಧಾನವಾಗಿ ಬೇಯಿಸಬೇಕಾದ ದೊಡ್ಡ ಆಟಕ್ಕೆ ಕೈ ಹಾಕುವುದು ಕಷ್ಟವೆಂಬುದು ಮಾತ್ರ ನನ್ನ ಅಂದಾಜು.

ನನ್ನದೇ ಬೇಡಿಕೆಯೊಂದನ್ನು ಯಾರ ಪಟ್ಟಿಯಲ್ಲಿಯೂ ಮೇಲಿನ ಸಾಲಿನಲ್ಲಿ ಕಂಡಿಲ್ಲ. ಒಂದು ಮನೆಯಲ್ಲಿ ಎಂಟು ಮಂದಿ ಮಾತ್ರ ಇರಬಹುದೆಂಬ ಮಿತಿ 2000ದಿಂದ ಇಂದಿನವರೆಗೆ ಬದಲಾಗಿಲ್ಲ. ಅದನ್ನು ಮೀರಬೇಕಾದರೆ ಆಟಗಾರರೇ ಬರೆದ, ಆಟವನ್ನು ಮಾರ್ಪಡಿಸುವ ಮಾಡ್‌ಗಳನ್ನು ಹಾಕಿಕೊಳ್ಳಬೇಕು. ಎಂಟು ಎಂಬುದು ಅಮೆರಿಕದ ಉಪನಗರದ ಮನೆಗೆ ಧಾರಾಳವಾಯಿತು. ಅಜ್ಜ, ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ ಎಂದು ಎಣಿಸಿದರೆ ಮಕ್ಕಳ ಲೆಕ್ಕಕ್ಕೆ ಬರುವ ಮೊದಲೇ ನಮ್ಮ ತೊಟ್ಟಿಮನೆ ತುಂಬಿಹೋಗುತ್ತದೆ. 2021ರಲ್ಲಿ ಮುಂಬೈನ ಬೀದಿ ಉಡುಪುಗಳಿಂದ ಪ್ರೇರಿತವಾದ ‘ಫ್ಯಾಷನ್ ಸ್ಟ್ರೀಟ್’ ಎಂಬ ಸಣ್ಣ ಕಿಟ್ ಬಂದಾಗ ಇಲ್ಲಿನ ಆಟಗಾರರು ಖುಷಿಪಟ್ಟರು, ನಾನೂ ಪಟ್ಟೆ. ಆದರೆ ಬಟ್ಟೆ ಕೊಟ್ಟಷ್ಟು ಸುಲಭವಾಗಿ ಆಟ ಸಂಬಂಧಗಳನ್ನು ಕೊಡಲಾರದು. ಒಂದೇ ಬಚ್ಚಲಿಗೆ ಹನ್ನೆರಡು ಜನ ಸಾಲು ನಿಲ್ಲುವ ಬೆಳಗು, ಯಾವ ಕೆಲಸವನ್ನೂ ಮಾಡದೆ ಜಗಲಿಯಲ್ಲಿ ಕುಳಿತೇ ಇಡೀ ಮನೆಯನ್ನು ಆಳುವ ಅಜ್ಜಿ, ಅಡುಗೆಮನೆಯ ಅಧಿಕಾರ ಅತ್ತೆಯಿಂದ ಸೊಸೆಗೆ ದಾಟುವ ನಿಧಾನವಾದ ಸಮರ, ಆಸ್ತಿ ಪಾಲಾಗುವ ದಿನ ಅಂಗಳದ ನಡುವೆ ಏಳುವ ಗೋಡೆ ಇವೆಲ್ಲ ಈ ಆಟದ ಯಂತ್ರಕ್ಕೆ ಹೇಳಿ ಮಾಡಿಸಿದ ವಸ್ತುಗಳು. ಹಸಿವಿನ ಗೆರೆ, ನಿದ್ರೆಯ ಗೆರೆಗಳ ಪಕ್ಕದಲ್ಲಿ ಮರ್ಯಾದೆಯದೊಂದು ಗೆರೆ ಎಳೆದರೆ ಅರ್ಧ ಕೆಲಸ ಮುಗಿದಂತೆ. ಮುಂದಿನ ಆಟ ಯಾರಿಂದಲೇ ಬರಲಿ, ಅದರ ಹೆಸರಿನಲ್ಲಿ ಐದು ಎಂಬ ಅಂಕಿ ಇರಲಿ ಬಿಡಲಿ, ನಾನು ಮೊದಲು ನೋಡುವುದು ಕಾರನ್ನಲ್ಲ. ಹೊಸ ಕುಟುಂಬ ಸೃಷ್ಟಿಸುವ ಪರದೆಯಲ್ಲಿ ಒಂಬತ್ತನೆಯವರನ್ನು ಸೇರಿಸಲು ಹೋದಾಗ ಆ ಗುಂಡಿ ಇನ್ನೂ ಒತ್ತಲು ಬರುತ್ತದೆಯೇ ಎಂಬುದನ್ನು.